ಒತ್ತು ಕತ್ತರಿಸಿದರೆ ಕತ್ತೆಯೂ ಕತೆಯಾಗುತ್ತದೆ

ಮಾನ್ಯ ಸಂಪಾದಕರೇ,

ಆನ್‌ಲೈನ್ ಕಲಿಕೆಯ ಹೊಸ ಜಾಲತಾಣವೊಂದು ಉದ್ಘಾಟನೆಯಾದಾಗಲೆಲ್ಲ ನಿಮ್ಮ ಪತ್ರಿಕೆಯ ವರದಿಯಲ್ಲಿ ಲೆಕ್ಕವೊಂದು ತಪ್ಪದೆ ಇರುತ್ತದೆ. ಇಷ್ಟು ವೀಡಿಯೊ, ಇಷ್ಟು ಪಾಠ, ಇಷ್ಟು ಜನರ ನೋಂದಣಿ. ನೋಂದಾಯಿಸಿಕೊಂಡವರಲ್ಲಿ ಒಬ್ಬರ ಬೆನ್ನ ಹಿಂದೆ ನಿಂತು, ಅವರ ಬೆರಳು ಎಲ್ಲಿ ತಡವರಿಸಿತು, ಯಾವಾಗ ಅವರು ಎದ್ದು ಹೋದರು ಎಂದು ನೋಡಿ ಬರೆದ ವರದಿಯನ್ನು ಮಾತ್ರ ನಾನು ಇದುವರೆಗೆ ಓದಿಲ್ಲ. ಬೆನ್ನ ಹಿಂದೆ ನಿಲ್ಲುವುದೇ ನನ್ನ ಕೆಲಸವಾದ್ದರಿಂದ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ನಾನು ಮೇಲ್ವಿಚಾರಕಿ. ಮೊದಲು ಇದನ್ನು ಪಂಚಾಯಿತಿ ಗ್ರಂಥಾಲಯ ಎನ್ನುತ್ತಿದ್ದರು. ಆಗ ಬರುತ್ತಿದ್ದವರು ಪೇಪರ್ ಓದುವ ನಾಲ್ಕು ಜನ ಹಿರಿಯರು. 2020ರಲ್ಲಿ ಮಕ್ಕಳನ್ನು ಓದಿಗೆ ಕರೆತರುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳು ಬರತೊಡಗಿದರು, ಅವರ ಹಿಂದೆಯೇ ಕಂಪ್ಯೂಟರುಗಳೂ ಬಂದವು. ನಮ್ಮಲ್ಲಿ ಎರಡಿವೆ. ಒಂದರ ಕೀಲಿಮಣೆಯಲ್ಲಿ ‘ಎಸ್’ ಒತ್ತಿದರೆ ಮತ್ತೆ ಮೇಲೇಳುವುದಿಲ್ಲ, ಉಗುರಿನಲ್ಲಿ ಎಬ್ಬಿಸಬೇಕು. ಎಸ್ಸೆಸ್ಸೆಲ್ಸಿಯವರು, ಪಿಡಿಒ ಪರೀಕ್ಷೆಗೆ ಓದುವವರು, ಹೊಲಿಗೆ ಕಲಿಯುವ ಹೆಂಗಸರು, ತೋಟದವರು ಎಲ್ಲರೂ ಬರುತ್ತಾರೆ. ಪಾಠ ಹೇಳುವುದು ಜಾಲತಾಣದ ಕೆಲಸ. ಜಾಲತಾಣ ಏನು ಹೇಳುತ್ತಿದೆ ಎಂದು ತಿಳಿಸುವುದು ನನ್ನ ಕೆಲಸ. ಈ ಎರಡನೆಯ ಕೆಲಸ ಇರಲೇಬಾರದಿತ್ತು ಎನ್ನುವುದೇ ನನ್ನ ದೂರು.

ಬಾಗಿಲಿನಿಂದಲೇ ಶುರು ಮಾಡುತ್ತೇನೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಶನಿವಾರ ಮಧ್ಯಾಹ್ನ ಮೂರು ಕಿಲೋಮೀಟರ್ ನಡೆದು ಬಂದಿದ್ದಳು. ಮೇಷ್ಟ್ರು ಹೇಳಿದ ಜಾಲತಾಣ ತೆರೆದೆವು. ಪಾಠ ಕಾಣುವುದಕ್ಕೆ ಮೊದಲು ಮೊಬೈಲ್ ಸಂಖ್ಯೆ ಕೇಳಿತು. ಮನೆಗೆಲ್ಲ ಇರುವುದು ಒಂದೇ ಮೊಬೈಲ್, ಅದು ಅಪ್ಪನ ಜೇಬಿನಲ್ಲಿ, ಅಪ್ಪ ತೋಟದಲ್ಲಿ. ಒಟಿಪಿ ತೋಟಕ್ಕೆ ಹೋಯಿತು. ನನ್ನ ಫೋನಿನಿಂದ ಅವರಿಗೆ ಕರೆ ಮಾಡಿದೆ. ಮಾತನಾಡುತ್ತಲೇ ಮೆಸೇಜು ನೋಡುವುದು ಅವರಿಗೆ ಗೊತ್ತಿಲ್ಲ. ಕರೆ ಕತ್ತರಿಸಿ, ಕನ್ನಡಕ ಹುಡುಕಿ, ಅಂಕಿಗಳನ್ನು ಓದಿಕೊಂಡು, ಸಿಗ್ನಲ್ ಸಿಗುವ ದಿಬ್ಬ ಹತ್ತಿ ಮತ್ತೆ ಕರೆ ಮಾಡಿದರು. ಅಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು. ಹೀಗೆ ಮೂರು ಸಲ. ಮೂರನೆಯ ಸಲ ಅವರು, “ಮೇಡಂ, ಅವಳು ಏನು ಸಾಲಕ್ಕೆ ಅರ್ಜಿ ಹಾಕುತ್ತಿದ್ದಾಳೆಯೇ?” ಎಂದು ಕೇಳಿದರು. ಅವರ ಗುಮಾನಿ ಸಹಜವಾದದ್ದೇ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ದಿನಾ ಎಚ್ಚರಿಸುತ್ತಾರೆ, ನಾನು ಹೇಳಿ ಎನ್ನುತ್ತಿದ್ದೇನೆ.

ಆ ಹುಡುಗಿ ಓದಲು ಬಂದದ್ದು ದ್ಯುತಿಸಂಶ್ಲೇಷಣೆಯ ಬಗ್ಗೆ. ಅದೇನು ಗುಟ್ಟಿನ ವಿಷಯವೇ? ಅಂಕಪಟ್ಟಿ ಕೊಡುವಾಗ, ಪ್ರಮಾಣಪತ್ರ ಕೊಡುವಾಗ ಹೆಸರು, ಸಂಖ್ಯೆ ಕೇಳಿದರೆ ಒಪ್ಪೋಣ. ಓದುವುದಕ್ಕೇ ಬಾಗಿಲಲ್ಲಿ ತಡೆಯುವುದೇಕೆ? ಪಠ್ಯಪುಸ್ತಕದಲ್ಲಿ ಪಾಠದ ಪಕ್ಕದಲ್ಲೇ ಕ್ಯೂಆರ್ ಕೋಡ್ ಅಚ್ಚು ಮಾಡಿ ಸರ್ಕಾರದ ಕಲಿಕಾ ಜಾಲತಾಣ ‘ದೀಕ್ಷಾ’ಗೆ ಜೋಡಿಸಿದವರು ಯಾರೋ, ಅವರು ಕಲಿಯುವವರನ್ನು ಬಲ್ಲವರು. ಪುಟ ಕೈಯಲ್ಲಿದೆ, ಚೌಕದ ಮೇಲೆ ಮೊಬೈಲ್ ಹಿಡಿದರೆ ಆ ಪುಟದ್ದೇ ವಿಷಯ ಸಿಗುತ್ತದೆ. ಹುಡುಕುವ ಗೋಜಿಲ್ಲ, ಇಂಗ್ಲಿಷಿನಲ್ಲಿ ವಿಳಾಸ ಟೈಪು ಮಾಡುವ ಗೋಜೂ ಇಲ್ಲ.

ಬಾಗಿಲು ದಾಟಿದರೆ ಭಾಷೆ. ಇಂಗ್ಲಿಷಿನ ಜಾಲತಾಣವನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿ, ಯಾರೂ ಓದಿ ನೋಡದೆ ಏರಿಸಿದ ಪುಟಗಳನ್ನು ನಾನು ಒಂದೇ ಕಣ್ಣೋಟದಲ್ಲಿ ಗುರುತಿಸಬಲ್ಲೆ. ಮುಖಪುಟ ಎನ್ನಬೇಕಾದ ಕಡೆ ‘ಮನೆ’ ಎಂದಿರುತ್ತದೆ. ಅಷ್ಟಾದರೆ ನಕ್ಕು ಸುಮ್ಮನಾಗಬಹುದು. ಆದರೆ ವಿದ್ಯುತ್ತಿನ ಪಾಠದಲ್ಲಿ ಕರೆಂಟು ‘ಪ್ರಸ್ತುತ’ ಆಗಿತ್ತು. “ತಂತಿಯಲ್ಲಿ ಹರಿಯುವ ಪ್ರಸ್ತುತವು ವಿಭವಾಂತರಕ್ಕೆ ಅನುಪಾತದಲ್ಲಿದೆ.” ಓಮನ ನಿಯಮವನ್ನು ಈ ವಾಕ್ಯದಿಂದ ಯಾರು ಕಲಿತಾರು? ರಸಾಯನಶಾಸ್ತ್ರದ ದ್ರಾವಣ, ಅಂದರೆ ಇಂಗ್ಲಿಷಿನ ಸೊಲ್ಯೂಷನ್, ‘ಪರಿಹಾರ’ವಾಗಿತ್ತು. ನಮ್ಮಲ್ಲಿ ಪರಿಹಾರ ಎಂದರೆ ಅತಿವೃಷ್ಟಿಗೆ ಸರ್ಕಾರ ಕೊಡುವಂಥದ್ದು. ಗಣಿತದ ಘಾತ, ಅಂದರೆ ಪವರ್, ‘ಶಕ್ತಿ’ಯಾಗಿ, ಹತ್ತರ ಮೂರನೆಯ ಶಕ್ತಿ ಎಂದು ಓದಿಕೊಂಡ ಹುಡುಗ ಪಠ್ಯಪುಸ್ತಕದಲ್ಲಿ ಅದನ್ನು ಹುಡುಕಿ ಹುಡುಕಿ ಸುಸ್ತಾದ. ಮಕ್ಕಳು ಇಂಥ ಕಡೆ ಜಾಲತಾಣ ತಪ್ಪಿದೆ ಎಂದುಕೊಳ್ಳುವುದಿಲ್ಲ, ತಮಗೆ ತಲೆಯಿಲ್ಲ ಎಂದುಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ಅಕ್ಷರದ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಕನ್ನಡ ಅಕ್ಷರ ಪಕ್ಕಕ್ಕೆ ಮಾತ್ರವಲ್ಲ, ಕೆಳಕ್ಕೂ ಬೆಳೆಯುತ್ತದೆ. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬೇಕು. ಇಂಗ್ಲಿಷ್ ಅಕ್ಷರಕ್ಕೆಂದು ಇಟ್ಟ ಸಾಲಿನ ಅಂತರದಲ್ಲೇ ಕನ್ನಡವನ್ನು ತುರುಕಿದರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಪರದೆಯ ಮೇಲಿನ ಗುಂಡಿಯ (ಬಟನ್) ಚೌಕಟ್ಟಿನೊಳಗೆ ಇಟ್ಟರೆ ಒತ್ತೇ ಕತ್ತರಿಸಿಹೋಗುತ್ತದೆ. ಸಣ್ಣ ಮಕ್ಕಳ ಒಂದು ಪುಟದಲ್ಲಿ ಕತ್ತೆಯ ಚಿತ್ರವಿತ್ತು, ಕೆಳಗಿನ ಗುಂಡಿಯಲ್ಲಿ ‘ಕತೆ’ ಎಂದಿತ್ತು. ಎರಡನೆಯ ತರಗತಿಯ ಪುಟ್ಟಿ ಅದನ್ನು ಒತ್ತಿ ಕತೆ ಬರುತ್ತದೆಂದು ಕಾದು ಕುಳಿತಳು. ಹಳ್ಳ ಹಳವಾಗಿತ್ತು, ಅಕ್ಕ ಅಕವಾಗಿದ್ದಳು. ಇದನ್ನು ಸರಿಪಡಿಸಲು ಕೋಟಿಗಟ್ಟಲೆ ಅನುದಾನ ಬೇಡ, ಸಾಲಿನ ಅಂತರವನ್ನು ಒಂದಿಷ್ಟು ಹೆಚ್ಚಿಸಿದರೆ ಸಾಕು. ಆದರೆ ಕನ್ನಡ ಓದಬಲ್ಲ ಒಬ್ಬರು ಆ ಪುಟವನ್ನು ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿರಬೇಕು.

ಬೂದು ಬಣ್ಣದ ಅಕ್ಷರಗಳ ಹುಚ್ಚು ಬೇರೆ. ಬಿಳಿಯ ಮೇಲೆ ತೆಳು ಬೂದು, ಬಹಳ ನಾಜೂಕು ಎಂದು ಮಾಡಿರುತ್ತಾರೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1ರಷ್ಟು ವ್ಯತ್ಯಾಸ ಇರಬೇಕೆಂದು ಜಾಲಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ, 2008ರಿಂದಲೂ. ನಮ್ಮ ಕೇಂದ್ರದ ಕಿಟಕಿ ಪಶ್ಚಿಮಕ್ಕಿದೆ. ಸಂಜೆ ನಾಲ್ಕರ ಬಿಸಿಲಿಗೆ ಆ ಬೂದು ಸಾಲುಗಳು ಮಾಯವಾಗುತ್ತವೆ, ಪರದೆಗೆ ಹಳೆಯ ಸೀರೆ ಕಟ್ಟಿ ಓದುತ್ತೇವೆ.

ಕಣ್ಣು ಕಾಣದ ಒಬ್ಬರು ವಾರಕ್ಕೊಮ್ಮೆ ಬರುತ್ತಾರೆ. ಪದವಿ ಮುಗಿಸಿದ್ದಾರೆ, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾರೆ. ಅವರಿಗಾಗಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಹಾಕಿಸಿದ್ದೇವೆ, ಪರದೆಯ ಮೇಲಿನ ಕನ್ನಡವನ್ನು ಅದು ಓದಿ ಹೇಳುತ್ತದೆ. ಧ್ವನಿ ಸ್ವಲ್ಪ ಯಂತ್ರದಂತಿದೆ, ಅವರಿಗೆ ಅಭ್ಯಾಸವಾಗಿದೆ. ಆದರೆ ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರಗಳಲ್ಲಿ ಟೈಪು ಮಾಡಿ, ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಯುನಿಕೋಡಿಗೆ ಬದಲಿಸದೆ ಹಾಗೆಯೇ ಪಿಡಿಎಫ್ ಮಾಡಿದ ಟಿಪ್ಪಣಿ ತೆರೆದರೆ ಅದು ಕನ್ನಡವನ್ನು ಬಿಟ್ಟು ಇಂಗ್ಲಿಷಿನ ಅಕ್ಷರ, ಚಿಹ್ನೆಗಳನ್ನು ಬಡಬಡಿಸುತ್ತದೆ. ಟಿಪ್ಪಣಿಯ ಫೋಟೊ ಹಾಕಿದ್ದರೆ ಅದೂ ಇಲ್ಲ, ಮೌನ. “ಇವತ್ತಿನ ಪಾಠ ಫೋಟೊ ಇರಬೇಕು, ಮಾತೇ ಆಡುತ್ತಿಲ್ಲ” ಎಂದು ಅವರೇ ನಕ್ಕು ಕೋಲು ಹಿಡಿದು ಏಳುತ್ತಾರೆ.

ಇನ್ನು ವೀಡಿಯೊ. ತರಗತಿಯಲ್ಲಿ ಮಾಡಿದ ಮುಕ್ಕಾಲು ಗಂಟೆಯ ಪಾಠವನ್ನು ಕ್ಯಾಮೆರಾದಲ್ಲಿ ಹಿಡಿದು ಹಾಗೆಯೇ ಏರಿಸುವುದನ್ನೇ ಬಹಳ ಜನ ಆನ್‌ಲೈನ್ ಶಿಕ್ಷಣ ಎಂದುಕೊಂಡಿದ್ದಾರೆ. ಅಮೆರಿಕದ ಎಡೆಕ್ಸ್ ಎಂಬ ಕಲಿಕಾ ಜಾಲತಾಣದ ಕೋರ್ಸುಗಳಲ್ಲಿ ವೀಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ವೀಡಿಯೊ ಎಷ್ಟೇ ಉದ್ದವಿರಲಿ, ಸಾಮಾನ್ಯವಾಗಿ ಜನ ಅದರಲ್ಲಿ ನಿಲ್ಲುವುದು ಹೆಚ್ಚೆಂದರೆ ಆರು ನಿಮಿಷ ಎಂದು ಅದರಲ್ಲಿ ಕಂಡುಬಂತು. ಅವರು ದುಡ್ಡೂ ಪುರಸೊತ್ತೂ ಇದ್ದು ಕಲಿಯಲು ಕುಳಿತವರು. ನಮ್ಮಲ್ಲಿ ಆರನೆಯ ನಿಮಿಷಕ್ಕೆ ಕರೆಂಟೂ ಹೋಗಿರುತ್ತದೆ. ಆಷಾಢದಲ್ಲಿ ಒಂದು ಮಧ್ಯಾಹ್ನಕ್ಕೆ ನಾಲ್ಕು ಸಲ ಹೋಗಿ ಬಂದದ್ದಿದೆ. ಬಂದ ಮೇಲೆ ಜಾಲತಾಣ ನಮ್ಮನ್ನು ಬಿಟ್ಟಲ್ಲಿಗೆ ಕರೆದೊಯ್ಯುವುದಿಲ್ಲ, ಮತ್ತೆ ಬಾಗಿಲಿಗೇ. ಮತ್ತೆ ಒಟಿಪಿ, ಮತ್ತೆ ತೋಟ.

ಚೆನ್ನಾಗಿ ಮಾಡಿದವರೂ ಇದ್ದಾರೆ ಎಂದು ಹೇಳಲೇಬೇಕು. ಪತ್ರ, ಲೆಕ್ಕಪಟ್ಟಿ ಮಾಡುವ ಉಚಿತ ತಂತ್ರಾಂಶ ಲಿಬ್ರೆಆಫೀಸನ್ನು ನಾನು ಕಲಿತದ್ದು ಐಐಟಿ ಬಾಂಬೆಯವರ ‘ಸ್ಪೋಕನ್ ಟ್ಯುಟೋರಿಯಲ್’ನಿಂದ. ಹತ್ತು ನಿಮಿಷದ ಆಸುಪಾಸಿನ ಪಾಠಗಳು, ಕನ್ನಡದ ದನಿ. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ತಂತ್ರಾಂಶ. ಅವರು ಮಾಡಿದ್ದನ್ನು ನಿಲ್ಲಿಸಿ ನಿಲ್ಲಿಸಿ ನಾವೂ ಮಾಡಬೇಕು. ಸುಮ್ಮನೆ ನೋಡುತ್ತಾ ಕೂರಲು ಅಲ್ಲಿ ಎಡೆಯೇ ಇಲ್ಲ. ಪಾಠದ ಬರಹ ಸಿದ್ಧವಾದ ಮೇಲೆ ಧ್ವನಿ ಕೊಡುವುದಕ್ಕೆ ಮುನ್ನ ವಿಷಯ ಗೊತ್ತಿಲ್ಲದ ಹೊಸಬರೊಬ್ಬರ ಕೈಗೆ ಕೊಟ್ಟು, ಅದನ್ನು ಓದಿಯೇ ಅವರು ಕೆಲಸ ಮಾಡಬಲ್ಲರೇ ಎಂದು ನೋಡುತ್ತಾರಂತೆ. ಹಾಗಾಗಿಯೇ ಇರಬೇಕು, ಅವರು ‘ಇಲ್ಲಿ ಒತ್ತಿ’ ಎಂದಾಗ ‘ಇಲ್ಲಿ’ ಎಂದರೆ ಎಲ್ಲಿ ಎಂದು ನನಗೆ ಯಾವತ್ತೂ ಹುಡುಕುವಂತಾಗಲಿಲ್ಲ.

ಇಷ್ಟೆಲ್ಲ ದೂರುವ ನಾನು ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ, ಒಂದು ಪುಟ ಮಾಡಿದೆ, ಅದರಲ್ಲಿ ತಪ್ಪನ್ನೂ ಮಾಡಿದೆ. ಆ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೋದ ವರ್ಷ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವುದಕ್ಕೆ ಮುಂಚೆ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದ ಒಬ್ಬ ಹುಡುಗ ಕೇಂದ್ರಕ್ಕೆ ಬಂದ. ಅಪ್ಪ ಹಾಸಿಗೆ ಹಿಡಿದಿದ್ದಾರೆ, ಅಡಿಕೆಗೆ ಕೊಳೆರೋಗ ಬಾರದಂತೆ ಔಷಧಿ ಹೊಡೆಸಬೇಕು, ಆ ಔಷಧಿಯಾದ ಬೋರ್ಡೋ ದ್ರಾವಣ ಕೂಡಿಸುವುದನ್ನು ಇವನು ಕಲಿತೇ ಇಲ್ಲ. ಒಂದು ವೀಡಿಯೊ ಸಿಕ್ಕಿತು. ಮೊದಲ ನಾಲ್ಕು ನಿಮಿಷ ನಮಸ್ಕಾರ ಮತ್ತು ತೋಟದ ಸೌಂದರ್ಯ. ಕೂಡಿಸುವ ಭಾಗ ಹನ್ನೊಂದನೆಯ ನಿಮಿಷದಲ್ಲಿ, ಹಿನ್ನೆಲೆಯಲ್ಲಿ ಸಂಗೀತ. ಯಾವುದನ್ನು ಯಾವುದಕ್ಕೆ ಸುರಿದರು ಎಂದು ತಿಳಿಯಲು ಮೂರು ಸಲ ಹಿಂದಕ್ಕೆಳೆದ. ತೋಟದಲ್ಲಿ ಸುಣ್ಣದ ಕೈಯಲ್ಲಿ ಮೊಬೈಲ್ ಹಿಡಿದು ಹೀಗೆ ಹಿಂದಕ್ಕೆಳೆಯಲು ಆಗುತ್ತದೆಯೇ?

ಆದ್ದರಿಂದ ನಾನೇ ಬರೆದೆ. ತೋಟಗಾರಿಕೆ ಇಲಾಖೆಯ ಕೈಪತ್ರ ಇಟ್ಟುಕೊಂಡು, ನಲವತ್ತು ವರ್ಷ ಔಷಧಿ ಹೊಡೆಸಿದ ಇಬ್ಬರು ಅಜ್ಜಂದಿರನ್ನು ಕೇಳಿ ಏಳು ಹಂತ ಮಾಡಿದೆ. ಮೈಲುತುತ್ತು 1 ಕಿಲೋ, ಸುಟ್ಟ ಸುಣ್ಣ 1 ಕಿಲೋ, ನೀರು 100 ಲೀಟರ್. ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಿಸಬೇಕು. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ಕಲಕಬೇಕು. ಸುಣ್ಣವನ್ನು ಮೈಲುತುತ್ತಿಗೆ ಸುರಿಯಬಾರದು. ಊರಿನ ಹುಡುಗನೊಬ್ಬ ಇದನ್ನು ಜಾಲಕ್ಕೆ ಏರಿಸಿಕೊಟ್ಟ. ಬರೀ ಅಕ್ಷರ, ಎರಡು ಗೆರೆಚಿತ್ರ. ಕನ್ನಡದ ಒಂದು ಚಿಹ್ನೆಗೆ ಮೂರು ಬೈಟ್ ಎಂದು ಹಿಡಿದರೂ ಎರಡು ಸಾವಿರ ಚಿಹ್ನೆಯ ಪುಟದ ಬರಹ ಆರು ಕಿಲೋಬೈಟ್ ಅಷ್ಟೇ. ಸಿಗ್ನಲ್ ಒಂದೇ ಗೆರೆ ಇರುವ ತೋಟದಲ್ಲೂ ತೆರೆಯುತ್ತದೆ ಎಂದು ನಾನು ಬೀಗಿದೆ.

ಮಾರನೆಯ ದಿನ ಬೆಂಗಳೂರು ಬಿಟ್ಟು ಬಂದಿದ್ದ ಹುಡುಗ ಸಪ್ಪೆ ಮುಖ ಹೊತ್ತು ಬಂದ. ಮೈಲುತುತ್ತನ್ನು ಕಬ್ಬಿಣದ ಡ್ರಮ್ಮಿನಲ್ಲಿ ನೆನೆ ಹಾಕಿದ್ದ. ಮೈಲುತುತ್ತಿನಲ್ಲಿದ್ದ ತಾಮ್ರವೆಲ್ಲ ಡ್ರಮ್ಮಿನ ಗೋಡೆಗೆ ಕೆಂಪಗೆ ಹತ್ತಿಕೊಂಡು ನೀರು ಕೆಟ್ಟಿತ್ತು.

“ಕಬ್ಬಿಣದ ಪಾತ್ರೆ ಬೇಡ ಎಂದು ಬರೆದಿದ್ದೆನಲ್ಲ?”

“ಬರೆದಿದ್ದಿರಿ ಅಕ್ಕ. ಕೊನೆಯಲ್ಲಿ.”

ಹೌದು, ಕೊನೆಯಲ್ಲಿ, ‘ಸೂಚನೆ’ ಎಂಬ ತಲೆಬರಹದ ಕೆಳಗೆ, ಅಂದವಾದ ಚೌಕಟ್ಟಿನೊಳಗೆ ಬರೆದಿದ್ದೆ. ಅವನು ಮೊದಲ ಹಂತ ಓದಿ ಮೊದಲ ಹಂತ ಮಾಡಿದ, ಎರಡನೆಯದನ್ನು ಓದುವ ಹೊತ್ತಿಗೆ ಮೈಲುತುತ್ತು ಆಗಲೇ ಡ್ರಮ್ಮಿನಲ್ಲಿತ್ತು. ಕೆಲಸ ಮಾಡುತ್ತಾ ಓದುವವರು ಹಾಗೆಯೇ ಓದುತ್ತಾರೆ. ಕುರ್ಚಿಯಲ್ಲಿ ಕುಳಿತು ಬರೆದ ನನಗೆ ಅದು ಹೊಳೆಯಲಿಲ್ಲ. ಈಗ ಆ ಪುಟದ ಮೊದಲ ಸಾಲೇ “ಪ್ಲಾಸ್ಟಿಕ್ ಡ್ರಮ್ಮು ತನ್ನಿ, ಕಬ್ಬಿಣದ್ದು ಬೇಡ” ಎಂದಿದೆ. ಹಾಳಾದ ಮೈಲುತುತ್ತಿನ ದುಡ್ಡು ಕೊಡುತ್ತೇನೆ ಎಂದೆ, ಅವನು ತೆಗೆದುಕೊಳ್ಳಲಿಲ್ಲ.

ಆ ಪುಟದ ಕೊನೆಯ ಹಂತ ಅಜ್ಜಂದಿರು ಹೇಳಿದ್ದು, ನನಗೆ ಬಹಳ ಇಷ್ಟವಾದದ್ದು. ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಉಜ್ಜಿದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ, ಸುಣ್ಣದ ನೀರು ಇನ್ನಷ್ಟು ಸೇರಿಸಿ ಮತ್ತೆ ಅದ್ದಬೇಕು. ಜಾಲತಾಣಗಳಲ್ಲಿ ಪಾಠದ ಕೊನೆಗೆ ಇರುವ ರಸಪ್ರಶ್ನೆಯೂ ಈ ಚಾಕುವಿನ ಕೆಲಸ ಮಾಡಬೇಕಿತ್ತು. ನಾನು ನೋಡಿದ ಬಹುಪಾಲು ಜಾಲತಾಣಗಳಲ್ಲಿ ಅದು ಕೆಂಪಕ್ಷರದಲ್ಲಿ ‘ತಪ್ಪು’ ಎಂದು ಹೇಳಿ ಸುಮ್ಮನಾಗುತ್ತದೆ. ಯಾಕೆ ತಪ್ಪು, ಈಗ ಏನು ಸೇರಿಸಬೇಕು, ಯಾವ ಪುಟಕ್ಕೆ ಮರಳಬೇಕು, ಏನೂ ಇಲ್ಲ.

ಕಾಕತಾಳೀಯವೆಂದರೆ, ಆ ಹುಡುಗ ಡ್ರಮ್ಮಿನ ಕತೆ ಹೇಳುತ್ತಿದ್ದಾಗ ಪಕ್ಕದ ಕಂಪ್ಯೂಟರಿನಲ್ಲಿ ಒಟಿಪಿಯ ಹುಡುಗಿಯೇ ಕುಳಿತಿದ್ದಳು. ಫಲಿತಾಂಶ ಬಂದಿತ್ತು, ವಿಜ್ಞಾನ ಉಳಿದಿತ್ತು, ಮತ್ತೆ ಪರೀಕ್ಷೆ ಬರೆಯಲು ಓದುತ್ತಿದ್ದಳು. ಸ್ಥಾನಪಲ್ಲಟ ಕ್ರಿಯೆಯ ಪ್ರಶ್ನೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಏನಾಗುತ್ತದೆ? ನಾಲ್ಕು ಆಯ್ಕೆಗಳಲ್ಲಿ ಮೂರನ್ನು ಒತ್ತಿ ಮೂರು ಸಲ ‘ತಪ್ಪು’ ಎನ್ನಿಸಿಕೊಂಡಿದ್ದಳು. ನಾಲ್ಕನೆಯದನ್ನು ಒತ್ತಿದಾಗ ‘ಶಹಬ್ಬಾಸ್’ ಎಂದು ಬಣ್ಣದ ಕಾಗದದ ಚೂರುಗಳು ಹಾರಿದವು. ಏನು ತಿಳಿಯಿತು ಎಂದು ಕೇಳಿದೆ. “ಡಿ” ಎಂದಳು. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟೇ, ಇವನ ಡ್ರಮ್ಮು ನಿನ್ನ ಪ್ರಶ್ನೆಯ ಮೊಳೆಯೇ ಎಂದಾಗ ಅವಳು ಕುರ್ಚಿ ತಿರುಗಿಸಿ ಅವನ ಮುಖ ನೋಡಿದಳು. “ಹಾಗಾದರೆ ಅಪ್ಪ ಚಾಕು ಅದ್ದುವುದು ಇದಕ್ಕೇನಾ?” ಎಂದು ಕೇಳಿದಳು. ತೋಟದವರ ಮನೆಯ ಮಗಳು, ಪ್ರತಿ ಮಳೆಗಾಲಕ್ಕೂ ಅದನ್ನು ನೋಡುತ್ತಲೇ ಬೆಳೆದವಳು. ಜಾಲತಾಣದ ಪಾಠದಲ್ಲಿ ಮೊಳೆ, ಪ್ರನಾಳ, ಸಮೀಕರಣ ಎಲ್ಲವೂ ಇದ್ದವು, ಈ ಚಾಕು ಮಾತ್ರ ಇರಲಿಲ್ಲ.

ಜಾಲತಾಣ ಮಾಡುವವರಲ್ಲಿ ನನ್ನದು ಒಂದೇ ಕೋರಿಕೆ. ಉದ್ಘಾಟನೆಗೆ ಮುಂಚೆ ಕಲಿಯುವ ಐದು ಜನರನ್ನು ಕೂರಿಸಿ, ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ನಿಂತು ನೋಡಿ. ಐದು ಜನರನ್ನು ನೋಡಿದರೆ ಬಹುಪಾಲು ತೊಡಕುಗಳು ಕಣ್ಣಿಗೆ ಬೀಳುತ್ತವೆ ಎಂದು ಈ ವಿಷಯದ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ಬಾಯಿ ಮುಚ್ಚಿಕೊಳ್ಳುವುದು ಕಷ್ಟದ ಕೆಲಸ, ನನಗೂ ಆಗುವುದಿಲ್ಲ. “ಅಲ್ಲಿ ಒತ್ತು” ಎಂದು ನಾಲಿಗೆ ತುದಿಗೆ ಬಂದುಬಿಡುತ್ತದೆ. ಬಂದಾಗೆಲ್ಲ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ, ತಿದ್ದಬೇಕಾದ ಕಡೆ ಅದೇ.

ಐದು ಜನ ಎಲ್ಲಿ ಸಿಗುತ್ತಾರೆ ಎನ್ನುವವರು ನಮ್ಮಲ್ಲಿಗೆ ಬರಬಹುದು. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಹೊಸನಗರ. ಶನಿವಾರ ಮಧ್ಯಾಹ್ನದ ಮೇಲಾದರೆ ಮಕ್ಕಳು ಇರುತ್ತಾರೆ, ಕಣ್ಣು ಕಾಣದವರೂ ಅಂದೇ ಬರುತ್ತಾರೆ. ಲ್ಯಾಪ್‌ಟಾಪ್ ತರುವುದು ಬೇಡ, ನಮ್ಮ ಕಂಪ್ಯೂಟರಿನಲ್ಲೇ ನೋಡಬೇಕು. ಎಡಗಡೆಯದರಲ್ಲಿ ‘ಎಸ್’ ಅಂಟಿಕೊಳ್ಳುತ್ತದೆ ಎನ್ನುವುದು ನೆನಪಿರಲಿ. ಜುಲೈನಲ್ಲಿ ಬರುವುದಾದರೆ ಕೊಡೆಯ ಜೊತೆ ಒಂದು ಟಾರ್ಚೂ ಇರಲಿ.

ಇಂತಿ,
ಮೇಲ್ವಿಚಾರಕಿ, ಗ್ರಾಮ ಪಂಚಾಯಿತಿ ಅರಿವು ಕೇಂದ್ರ, ಹೊಸನಗರ ತಾಲ್ಲೂಕು
(ಹೆಸರನ್ನು ಪ್ರಕಟಿಸಬಾರದೆಂದು ಕೋರಿಕೆ)